ಎಡಕ್ಕೆ ಬಂದ ಶಟಲ್

ಭಾವ,

ನಿನ್ನೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ನನಗೂ ಅರವತ್ತೆರಡಾಯಿತಲ್ಲ. ಒಂದು ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಒತ್ತಿದ್ದೆಲ್ಲ ತಡವಾಗಿಯೇ. "ವಯಸ್ಸಿಗೆ ಇದು ಸಹಜ, ಎರಡೂ ಕಡೆ ಸಮವಾಗಿ ನಿಧಾನ ಆಗಿದೆ. ಒಂದೇ ಕಡೆ ಕಾಣದಿದ್ರೆ ಮಾತ್ರ ವಯಸ್ಸು ಅಂತ ಸುಮ್ನಿರಬಾರ್ದು" ಎಂದರು ಡಾಕ್ಟರು. ಆಮೇಲೆ ಅವರು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಹೋದ ವರ್ಷ ನಜರ್‌ಬಾದಿನ ಪಾರ್ಕಿನಲ್ಲಿ ನಾವಿಬ್ಬರೂ ಜೋಡಿಯಾಗಿ ಆಡುತ್ತಿದ್ದ ಬೆಳಗುಗಳು ನೆನಪಿವೆಯೇ? ಬಲಕ್ಕೆ ಬಂದ ಶಟಲ್ಲನ್ನು ನೀವು ಹುಡುಗರಂತೆ ಬಾರಿಸುತ್ತಿದ್ದಿರಿ. ಎಡಕ್ಕೆ ಬಂದದ್ದು ಕಾಲ ಬುಡದಲ್ಲೇ ಬಿದ್ದರೂ ತಿರುಗುತ್ತಿರಲಿಲ್ಲ.

"ಯಾಕ್ ಭಾವ, ನಿದ್ದೆ ಮಾಡ್ಬುಟ್ರಾ?"

"ನಿಂಗೇ ಅಂತ ಬುಟ್ಟೆ ಕಣಯ್ಯ, ನೀನೂ ಒಸಿ ಬೆವರು ಸುರ್ಸು."

ಎಲ್ಲರೂ ನಗುತ್ತಿದ್ದರು. ಎಪ್ಪತ್ತರ ಹತ್ತಿರವಿದ್ದವರ ಮೇಲೆ ಬೇರೆ ಅನುಮಾನ ಯಾರಿಗೆ ಬಂದೀತು?

ಒಂದು ದಿನ ಎದುರಿನವರು ಬೇಕೆಂದೇ ಎಡಕ್ಕೆ ಹೊಡೆದು ನಮ್ಮನ್ನು ಸೋಲಿಸಿದರು. "ನಾಳೆಯಿಂದ ಬರಕ್ಕಿಲ್ಲ ಬುಡು" ಎಂದಿರಿ. ನಿಮ್ಮ ಮುಖ ನೋಡಲಾಗಲಿಲ್ಲ. ಮರುದಿನ ಬಲವಂತ ಮಾಡಿ ಕರೆತಂದು, ನಾನೇ ಎಡಕ್ಕೆ ಸರಿದು ನಿಂತೆ. ಆ ಕಡೆ ಹೊಡೆಯಬೇಡಿ ಎಂದು ಉಳಿದವರನ್ನೂ ಬೇಡಿಕೊಂಡೆ. ನಾನು ಅಲ್ಲಿ ನಿಂತದ್ದೂ ನಿಮಗೆ ಕಾಣಲಿಲ್ಲ. ಗೆದ್ದು ಮನೆಗೆ ಹೋಗಿ, "ನಿನ್ ತಮ್ಮನಿಗಿಂತ ನಾನೇ ಚುರುಕು ಕಣೇ" ಎಂದು ಅಕ್ಕನಿಗೆ ಹೇಳಿದಿರಂತೆ. ಆವತ್ತು ಸೋಲಲು ಬಿಟ್ಟಿದ್ದರೆ ನೀವೇ ಡಾಕ್ಟರ ಬಳಿ...

ಎರಡು ತಿಂಗಳ ಮೇಲೆ ಹಾಲು ತರಲು ಹೊರಟವರು ರಸ್ತೆಯ ಅರ್ಧ ದಾಟಿದ್ದಿರಿ. ಉಳಿದರ್ಧದಲ್ಲಿ ಎಡಗಡೆಯಿಂದ ವ್ಯಾನು ಬರುತ್ತಿತ್ತು. ಒಳ್ಳೆಯ ಬಿಸಿಲಿತ್ತು, ರಸ್ತೆಯಲ್ಲಿ ಬೇರೆ ಗಾಡಿ ಇರಲಿಲ್ಲ. ಆ ಕಡೆ ಏನೂ ಇಲ್ಲವೆಂಬಂತೆ ಹೆಜ್ಜೆ ಇಟ್ಟಿರಿ ಎಂದು ಅಂಗಡಿಯವನು ಹೇಳಿದ. ನಿಮಗಿದ್ದದ್ದು ಯಾವ ಕಾಯಿಲೆಯೋ, ಇನ್ನು ಯಾರೂ ಹೇಳಲಾರರು.

ನಿಮ್ಮ ಹನ್ನೊಂದನೆಯ ದಿನದ ಕಾರ್ಯದಂದು ಅಕ್ಕ ಕೇಳಿದಳು: "ಅಷ್ಟ್ ದೊಡ್ಡ ಗಾಡಿ ಅವ್ರಿಗೆ ಎಂಗೋ ಕಾಣ್ದೇ ಓಯ್ತು?"

"ವಯಸ್ಸಾಗಿತ್ತಲ್ಲಕ್ಕ" ಎಂದೆ.

ಅವಳು ನಂಬಿದಳು. ವಯಸ್ಸಾದವರನ್ನು ಒಬ್ಬರನ್ನೇ ಕಳಿಸಿದೆನಲ್ಲ ಎಂದು ಇವತ್ತಿಗೂ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಈ ಭಾನುವಾರ ಹೋಗಿ ಎಲ್ಲವನ್ನೂ ಹೇಳುತ್ತೇನೆ, ಭಾವ. ಆಮೇಲೆ ಅವಳು ನನ್ನನ್ನು ಮನೆಗೆ ಸೇರಿಸಲಾರಳು. ಅವಳಿಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ.