ಎದೆಯ ಅಳತೆ

ಭಾನುವಾರ, ಮಧ್ಯಾಹ್ನ
ಚಳಿ ಕಾಲು ಕಿತ್ತ ವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕುಳಿತಿದ್ದಕ್ಕೆ ಬೈದುಕೊಂಡಿರುತ್ತೀ, ಬೈದುಕೋ. ಚಳಿ ಹೋಗಿ ಬಿಸಿಲು ಬರುವ ಈ ಹೊತ್ತಿನಲ್ಲಿ ನಮ್ಮ ಹೊಲಿಗೆ ಅಂಗಡಿ ಹೇಗಿರುತ್ತದೆಂದು ನಿನಗೆ ಗೊತ್ತಲ್ಲ. ಊರಿನವರೆಲ್ಲ ಪೆಟ್ಟಿಗೆಯಿಂದ ತೆಳು ಬಟ್ಟೆ ಹೊರತೆಗೆಯುತ್ತಾರೆ, ಒಂದೂ ಮೈಗೆ ಹಿಡಿಸುವುದಿಲ್ಲ, ಬಟ್ಟೆ ಕುಗ್ಗಿಹೋಗಿದೆ ಎಂದು ಬಂದು ನನ್ನ ಮೇಲೆ ಹಾರಾಡುತ್ತಾರೆ. ಚಳಿಗಾಲವಿಡೀ ಕೂತು ತಿಂದವರು ಇವರು, ಕುಗ್ಗಿದ್ದು ಮಾತ್ರ ಬಟ್ಟೆ!

ಆದರೆ ನಾನು ಬರೆಯದೆ ಇದ್ದದ್ದಕ್ಕೆ ಕೆಲಸ ಕಾರಣವಲ್ಲ, ನಿನ್ನ ಹತ್ತಿರ ಸುಳ್ಳೇಕೆ. ಸೊಸೆಯ ಮೇಲೆ ನನಗೆ ಅನುಮಾನ ಹುಟ್ಟಿತ್ತು. ಬರೆದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯಕ್ಕೆ ಪೆನ್ನು ಮುಟ್ಟಲಿಲ್ಲ.

ಹೋದ ವರ್ಷದ ಚಳಿಯಲ್ಲಿ ಮಗ ತೀರಿಕೊಂಡ ಮೇಲೆ ಕೆಳಗೆ ಈ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ನಾವಿಬ್ಬರು ಹೆಂಗಸರು. ನಾನು ಕತ್ತರಿಸುತ್ತೇನೆ, ಅವಳು ಕಾಜಾ ಹೊಲಿದು ಗುಂಡಿ ಹಚ್ಚುತ್ತಾಳೆ. ಹೇಗೋ ದಿನ ದೂಡುತ್ತಿದ್ದೆವು. ಈಚೆಗೆ ಅವಳು ಬೆಳಕು ಹರಿಯುವ ಮೊದಲೇ ಎದ್ದು, ಮೆಟ್ಟಿಲು ಕಿರುಗುಟ್ಟದ ಹಾಗೆ ಗೋಡೆಗೆ ಒತ್ತಿಕೊಂಡು ಇಳಿದು ಹೊರಗೆ ಹೋಗತೊಡಗಿದಳು. ಬರುವಾಗ ಮುಖ ಕಳೆಕಳೆಯಾಗಿರುತ್ತದೆ. ಕೈಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ. ತಟ್ಟೆಯಲ್ಲಿ ಮೊದಲಿನ ಹಾಗೆ ಅರ್ಧ ಬಿಟ್ಟೇಳುವುದಿಲ್ಲ. ಒಂದು ದಿನ ಗುಂಡಿ ಹಚ್ಚುತ್ತ ಗುನುಗಿದಳು, ಪುಟ್ಟಿ! ನಾನು ತಿರುಗಿ ನೋಡಿದ್ದೇ ತಡ, ನಿಲ್ಲಿಸಿಬಿಟ್ಟಳು. ಗುನುಗಿದ್ದಕ್ಕಿಂತ ಆ ನಿಲ್ಲಿಸಿದ್ದು ನನ್ನ ತಲೆ ಕೊರೆಯಿತು.

ಸಾಲದ್ದಕ್ಕೆ ಎದುರಿನ ಬೇಕರಿಯವಳು ಬೇರೆ. "ನಿಮ್ಮ ಸೊಸೆ ದಿನಾ ಬೆಳಿಗ್ಗೆ ಕಾಲುವೆ ಕಡೆ ಹೋಗ್ತಾಳಲ್ಲ, ಅಲ್ಲೇನಿದೆ?" ಎಂದು ಕೇಳಿದಳು.

"ಒಳ್ಳೆ ಗಾಳಿ ಇದೆ," ಎಂದೆ.

"ನಮ್ಮ ಬೀದೀಲೂ ಗಾಳಿ ಇದೆಯಲ್ಲ," ಎಂದು ಬ್ರೆಡ್ಡು ಕೈಗಿಟ್ಟಳು. ತಲೆಗೆ ಹುಳ ಬಿಡುವುದೆಂದರೆ ಇದೇ.

ಇದರ ಮೇಲೆ ಸೊಸೆಯೇ ಒಂದು ಅಂಗಿ ತಂದಳು. ಮಗ ಹೋದ ಮೇಲೆ, ಬಿಸಿಲು ಬರುತ್ತಿದ್ದಾಗ, ನಾನೇ ಅಳತೆ ತೆಗೆದು ಹೊಲಿದುಕೊಟ್ಟ ಹತ್ತಿ ಅಂಗಿ ಅದು. "ಅತ್ತೆ, ಎದೆ ಹತ್ರ ಬಿಗಿಯಾಗ್ತಿದೆ. ಸ್ವಲ್ಪ ಲೂಸ್ ಮಾಡಿಕೊಡ್ತೀರಾ?" ಎಂದಳು. ಟೇಪು ಸುತ್ತಿ ನೋಡಿದರೆ ಸೊಂಟ ಇದ್ದಲ್ಲೇ ಇದೆ, ಎದೆಯ ಸುತ್ತಳತೆ ಮಾತ್ರ ಏರಿದೆ. ನನ್ನ ಅಳತೆ ತಪ್ಪುವುದಿಲ್ಲ. ಎದೆ ಬಿಗಿ ಎಂದು ಹೊಲಿಗೆ ಬಿಚ್ಚಿಸಿಕೊಂಡು ಹೋದ ಎಷ್ಟು ಹುಡುಗಿಯರು ಮುಂದಿನ ಸಲ ಸೊಂಟ ಬಿಚ್ಚಿಸಲು ಬಂದಿಲ್ಲ ಹೇಳು! ಆಮೇಲೆ ತೊಟ್ಟಿಲ ಬಟ್ಟೆಗೆ.

ಅಂದಿನಿಂದ ಅಂಗಡಿಗೆ ಬಂದ ಗಂಡಸರೆಲ್ಲ ನನ್ನ ಕಣ್ಣಿಗೆ ಕಳ್ಳರೇ. ಪಾಪ, ಅಂಚೆಯವನು ಪ್ಯಾಂಟಿನ ಜಿಪ್ಪು ಹಾಕಿಸಲು ಬಂದಿದ್ದ. ದಿನಾ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯಾ ಎಂದು ಕೇಳಿ ಅವನನ್ನು ಗಾಬರಿ ಮಾಡಿದೆ. ನಗಬೇಡ. ಅವಳು ಹೊರಟುಹೋದರೆ ನಾನೊಬ್ಬಳೇ ಆಗುತ್ತೇನೆ. ಊಟದ ಹೊತ್ತಿಗೆ ಮಗನ ವಿಷಯ ತೆಗೆದರೆ ಹೂಂ ಅನ್ನಲು ಈ ಮನೆಯಲ್ಲಿ ಅವಳನ್ನು ಬಿಟ್ಟು ಯಾರಿದ್ದಾರೆ?

ಗುರುವಾರ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆಯೇ ಹೋದೆ. ಕಾಲುವೆಯ ಮೇಲೆ ಇನ್ನೂ ಮಂಜಿತ್ತು. ಅವಳು ಬೆಂಚಿನ ಮೇಲೆ ಕುಳಿತಳು. ನಾನು ಮರದ ಹಿಂದೆ ನಿಂತು ಯಾವನು ಬರುತ್ತಾನೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಯಾರೂ ಬರಲಿಲ್ಲ. ಅವಳು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಮುಗಿಯಿತು ಕತೆ, ಎಂದುಕೊಂಡೆ. ಆದರೆ ಅವಳು ನಿಧಾನಕ್ಕೆ ಉಸಿರೆಳೆದು, ಬಿಸಿ ಹಾಲು ಆರಿಸುವ ಹಾಗೆ ಬಾಯಿಂದ ಬಿಟ್ಟಳು. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಹಾಗೇ ಮಾಡುತ್ತಿದ್ದವಳು ತಿರುಗದೆಯೇ ಹೇಳಿದಳು: "ಅತ್ತೆ, ಆ ಮರ ಸಣ್ಣದು. ನೀವು ಎರಡೂ ಕಡೆ ಕಾಣಿಸ್ತಿದ್ದೀರಿ."

ಹೋಗಿ ಪಕ್ಕದಲ್ಲಿ ಕುಳಿತೆ. ಮಾನ ಹೋದಮೇಲೆ ಇನ್ನೇನು. "ಯಾರಿಗೆ ಕಾಯ್ತಿದ್ದೀಯಾ?"

"ಯಾರಿಗೂ ಇಲ್ಲ."

"ಹಾಗಾದ್ರೆ ಹೊಟ್ಟೆ ಮೇಲೆ ಕೈ ಯಾಕೆ?"

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

"ಆಸ್ಪತ್ರೇಲಿ ನರ್ಸು ಅವರಿಗೆ ಹೇಳಿಕೊಡ್ತಿದ್ರಲ್ಲ ಅತ್ತೆ, ಹೊಟ್ಟೆ ಮೇಲೆ ಕೈ ಇಟ್ಕೊಂಡು, ಕೈ ಮೇಲೇಳೋ ತನಕ ಉಸಿರು ತಗೊಳ್ಳಿ ಅಂತ. ಅವರ ಕೈಲಿ ಆಗ್ಲಿಲ್ಲ. ಈ ಸಲ ಚಳಿ ಶುರುವಾದಾಗ ನನಗೂ ಎದೆ ಕಟ್ಟಿದ ಹಾಗೆ ಆಗೋದು. ಹೀಗೇ ಬಿಟ್ರೆ ನಾನೂ ಉಳಿಯಲ್ಲ ಅನ್ನಿಸ್ತು. ನನ್ನನ್ನ ನಾನೇ ನೋಡ್ಕೋಬೇಕು ಅಂತ ಬರೋಕೆ ಶುರು ಮಾಡಿದೆ. ಆಗ ಈ ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ಈಗ ನೋಡಿ."

ನೋಡಿದೆ. ಕೊಂಬೆ ತುಂಬ ಕೆಂಪು ಚಿಗುರು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. "ನನ್ನ ಬಿಟ್ಟು ಹೋಗ್ತೀಯಾ?"

"ಮುಂದೆ ಹೇಗೋ ಗೊತ್ತಿಲ್ಲ ಅತ್ತೆ. ಹೋಗೋದಾದ್ರೆ ನಿಮಗೆ ಹೇಳೇ ಹೋಗ್ತೀನಿ. ಇವತ್ತಂತೂ ಹೋಗಲ್ಲ, ಮೇಷ್ಟ್ರ ಕಾಲರ್‌ಗಳು ಹಾಗೇ ಬಿದ್ದಿವೆ."

ನನ್ನ ತಪ್ಪು ಹೊಳೆದದ್ದು ಅಂಗಡಿಗೆ ಬಂದು ಆ ಅಂಗಿಯನ್ನು ಕೈಗೆತ್ತಿಕೊಂಡಾಗ. ಅಳತೆ ತೆಗೆಯುವಾಗ ಉಸಿರು ಬಿಗಿ ಹಿಡಿಯಬೇಡಿ ಎಂದು ಬಂದವರಿಗೆಲ್ಲ ಹೇಳುವವಳು ನಾನು. ಹೋದ ವರ್ಷ ಅವಳಿಗೆ ಹೇಳಲಿಲ್ಲ. ಉಸಿರಾಡಲು ಮರೆತಿದ್ದ ಮೈಗೆ ಟೇಪು ಸುತ್ತಿ, ಇಷ್ಟೇ ಇವಳು ಎಂದು ಕತ್ತರಿ ಆಡಿಸಿದ್ದೆ. ಅಂಗಿ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದೇನೆ. ಒಳಗೆ ಇನ್ನೂ ಬಟ್ಟೆ ಬಿಟ್ಟಿದ್ದೇನೆ.

ಅವಳು ಸುಮ್ಮನಿರದೆ ಅದೇ ಟೇಪನ್ನು ನನ್ನ ಎದೆಗೆ ಸುತ್ತಿದಳು. "ಉಸಿರು ಎಳ್ಕೊಳ್ಳಿ ಅತ್ತೆ."

"ಎಳ್ಕೊಂಡೆನಲ್ಲ."

"ಟೇಪು ಅಲ್ಲಾಡ್ಲೇ ಇಲ್ಲ," ಎಂದಳು. ಟೇಪು ಮಡಚಿಟ್ಟಳು.

ಈಗ ದಿನಾ ನಾನೂ ಕಾಲುವೆಗೆ ಹೋಗುತ್ತೇನೆ. ಉಸಿರಿಗಲ್ಲ, ಕಾವಲಿಗೆ. ಅನುಮಾನ ಪೂರ್ತಿ ಹೋಗಿದೆ ಎಂದರೆ ನೀನು ನಂಬುವವಳೂ ಅಲ್ಲ. ನಿನ್ನ ಮೊಣಕಾಲು ಹೇಗಿದೆ? ಬಿಸಿಲು ಬಂತೆಂದು ತಣ್ಣೀರು ಸುರಿದುಕೊಳ್ಳಬೇಡ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳು, ಮೊಮ್ಮಕ್ಕಳೊಂದಿಗೆ ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಅವನ ಕಡೆಯ ದಿನಗಳಲ್ಲಿ ಮಂಚದ ಪಕ್ಕ ಕುಳಿತು, ಅವನು ಎಷ್ಟು ಉಸಿರು ತೆಗೆದುಕೊಂಡನೋ ನಾನೂ ಅಷ್ಟೇ ತೆಗೆದುಕೊಳ್ಳುತ್ತಿದ್ದೆ. ನನ್ನ ಮಗನಿಗೆ ಸಿಗದ್ದು ನನಗೇಕೆ ಎಂದು. ಅವನು ನಿಲ್ಲಿಸಿದ. ನಾನು ಅಷ್ಟೇ ಉಸಿರಿನಲ್ಲಿ ಉಳಿದೆ. ಸೊಸೆಯ ಎದೆ ತುಂಬಿದ್ದು ಕಂಡು ನನಗೆ ಬಂದದ್ದು ಅನುಮಾನವಲ್ಲ ಪುಟ್ಟಿ, ಸಿಟ್ಟು. ಅವನಿಲ್ಲದೆ ಇವಳಿಗೆ ಇಷ್ಟು ಉಸಿರು ಹೇಗೆ ಒಳಗೆ ಹೋಯಿತು ಎಂದು. ಇವತ್ತು ಬೆಳಿಗ್ಗೆ ಬೆಂಚಿನ ಮೇಲೆ ಅವಳು ನನ್ನ ಕೈ ಹಿಡಿದು ನನ್ನ ಹೊಟ್ಟೆಯ ಮೇಲೆಯೇ ಇಟ್ಟಳು. ಕೈ ಒಂಚೂರು ಮೇಲೆದ್ದಿತು. ಅವನನ್ನು ಆ ಮಂಚದಲ್ಲೇ ಬಿಟ್ಟು ಎದ್ದು ಬಂದ ಹಾಗಾಗಿ ತಟ್ಟನೆ ಕೈ ತೆಗೆದುಬಿಟ್ಟೆ. ನಾಳೆ ಮತ್ತೆ ಇಡಲೋ ಬೇಡವೋ, ನೀನು ಬರೆ.