ನೆಟ್ಟಗಿದ್ದ ಗೋಡೆ

ಅಣ್ಣಾ,

ಇದು ನಿನ್ನನ್ನು ತಲುಪುವುದಿಲ್ಲ, ಗೊತ್ತು. ಆದರೂ ಹೇಳಬೇಕು.

ಇವತ್ತು ನಾನು ಗುತ್ತಿಗೆ ಹಿಡಿದ ಮನೆಯಲ್ಲಿ ನಮ್ಮ ಮೇಸ್ತ್ರಿ ನೆಟ್ಟಗಿದ್ದ ಗೋಡೆಗೇ ಮತ್ತೆ ಮತ್ತೆ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೇರ ನೋಡುತ್ತಿದ್ದ. ಅತ್ತ ಮಾಲೀಕರು ಬೇಗ ಮುಗಿಸಿ ಎಂದು ಫೋನಿನಲ್ಲಿ ನನ್ನ ತಲೆ ತಿನ್ನುತ್ತಿದ್ದರು.

"ಏನಾಯ್ತಪ್ಪಾ?" ಎಂದೆ.

"ಏನಿಲ್ಲ ಬಿಡಿ."

ಫೋನ್ ಆಫ್ ಮಾಡಿದೆ. ಕಾಂಕ್ರೀಟ್ ಮಿಕ್ಸರ್ ನಿಲ್ಲಿಸಿ ಮರಳಿನ ರಾಶಿಯ ಮೇಲೆ ಅವನ ಪಕ್ಕ ಕೂತೆ. ಆ ಸದ್ದಡಗಿದ ಮೇಲೆ ಅವನು ಬಾಯಿ ಬಿಟ್ಟ.

"ನಿದ್ದೆ ಬರ್ತಿಲ್ಲ. ಕಣ್ಮುಚ್ಚಿದ್ರೆ ಕಟ್ಟಿದ್ದೆಲ್ಲಾ ಬಿದ್ದಂಗಾಗುತ್ತೆ."

ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೆಲಸ ತಡವಾಗುತ್ತದೆ ಎಂದು ಮಾಲೀಕರಿಗೆ ಹೇಳಿದೆ, ಕೂಗಾಡಿದರು, ಸುಮ್ಮನಾದರು. ಅಷ್ಟೇ ಅಣ್ಣಾ, ಅಷ್ಟೇ.

ನೀನು ಜೀವ ಕಳೆದುಕೊಳ್ಳುವ ಹಿಂದಿನ ವಾರ ನೀನೂ ಹೀಗೇ ನೆಟ್ಟಗಿದ್ದ ಗೋಡೆಗೆ ಗುಂಡು ಬಿಡುತ್ತಿದ್ದೆ. ನಾನು ಕೇಳಿದರೆ, "ಏನಿಲ್ಲ ಬಿಡೋ" ಅಂದೆ.

ಆವತ್ತು ಮಿಕ್ಸರ್ ತಿರುಗುತ್ತಲೇ ಇತ್ತು.