ಉಪ್ಪು ಕುಡಿದ ಗೋಡೆ

ಕನ್ನರೇಜೊ, ವೆನಿಸ್
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಪ್ಪಾ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ನೀನು ಕೇಳಿದ್ದು ಕಾಗದವಲ್ಲ, ಸಹಿ. ಮನೆಯ ಮಾರಾಟದ ಪತ್ರದಲ್ಲಿ ಸಹಿ ಬೀಳಬೇಕಾದಲ್ಲೆಲ್ಲ ಹಳದಿ ಚೀಟಿ ಅಂಟಿಸಿ, ವಾಪಸು ಕಳಿಸುವ ಲಕೋಟೆಯ ಮೇಲೆ ವಿಳಾಸವನ್ನೂ ನೀನೇ ಬರೆದಿದ್ದೆ. ಅದೇ ಲಕೋಟೆಯಲ್ಲಿ ಇದನ್ನು ಹಾಕುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಮೂರನೇ ಮಾತಿಗೇ ನಾನು ‘ಸಾರಿ’ ಅಂದುಬಿಡುತ್ತೇನೆ. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಆರು ವರ್ಷ ಇದ್ದು ನಾನು ಚೆನ್ನಾಗಿ ಕಲಿತದ್ದು ಅದೊಂದೇ.

ನಿನ್ನ ಮೊಣಕಾಲು ಹೇಗಿದೆ? ಅಮ್ಮನ ಕೆಮ್ಮು ನಿಂತಿತೇ? ನಾರ್ತ್ಯಾಂಪ್ಟನ್ನಿನ ನಿಮ್ಮ ಮನೆಯ ಹೀಟರು ಕೆಟ್ಟಿದೆ ಎಂದಿದ್ದಳು, ರಿಪೇರಿ ಮಾಡಿಸಿದೆಯಾ ಅಥವಾ ನೀನೇ ಮಾಡುತ್ತೇನೆ ಎಂದು ಬಿಚ್ಚಿಟ್ಟು ಕೂತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಎಂದರೆ, ಊಟ ಮಾಡುತ್ತೇನೆ, ನಿದ್ದೆ ಅಷ್ಟಕ್ಕಷ್ಟೆ. ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಮೂವತ್ತಕ್ಕೆ ಹದಿನೇಳು ಬಂತು, ಪಾಸಾಗಲು ಹದಿನೆಂಟು ಬೇಕಿತ್ತು. ವಿಷಯ ಯಾವುದು ಗೊತ್ತೇ? ಕಟ್ಟಡ ಬೀಳದೆ ನಿಲ್ಲುವುದು ಹೇಗೆ ಎನ್ನುವುದು. ನೀವೆಸ್ ಅತ್ತೆ ಇದನ್ನು ಕೇಳಿ ಎಷ್ಟು ನಕ್ಕಳೆಂದರೆ, ಈರುಳ್ಳಿ ವಿನಿಗರಿನಲ್ಲಿ ನೆನೆದ ಸಾರ್ಡೀನು ಮೀನು ಗಂಟಲಿಗೆ ಸಿಕ್ಕಿಕೊಂಡು ಬೆನ್ನು ಗುದ್ದಬೇಕಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ದಲ್ಲಾಳಿ ಕಳೆದ ತಿಂಗಳು ಬಂದಿದ್ದ. ತೇವ ಅಳೆಯುವ ಯಂತ್ರದ ಎರಡು ಮುಳ್ಳುಗಳನ್ನು ಕೆಳಮನೆಯ ಗೋಡೆಗೆ ಚುಚ್ಚಿ, ಡಾಕ್ಟರ ಹಾಗೆ ತಲೆಯಾಡಿಸಿ, ಈ ಮನೆಯ ಕಥೆ ಮುಗೀತು, ಕೊಳ್ಳುವವರು ಇರುವಾಗಲೇ ಕೊಟ್ಟುಬಿಡಿ ಅಂದ. ಅತ್ತೆ ಕರಣೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. “ನಾನೂರು ವರ್ಷದಿಂದ ಮುಗೀತಾನೇ ಇದೆ ಸ್ವಾಮೀ, ಕಾಫಿ ಕುಡ್ಕೊಂಡು ಹೋಗಿ” ಅಂದಳು. ಅವನು ಹೋದ ಮೇಲೆ ಮಾತ್ರ ಕರಣೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ಅಜ್ಜ ತನ್ನ ಪಾಲನ್ನು ನನಗೆ ಬರೆದಿಟ್ಟದ್ದರಿಂದ ಮೂವರ ಸಹಿಯೂ ಬೇಕಲ್ಲ. ನೀನು ಆಗಲೇ ಹಾಕಿದ್ದೀಯ. ಅತ್ತೆ, ‘ಮಗು ಹಾಕಿದರೆ ನಾನೂ ಹಾಕುತ್ತೇನೆ, ಜಗಳ ಸಾಕು’ ಅಂದಳು. ಹೀಗೆ ಎಲ್ಲ ಬಂದು ನನ್ನ ತಲೆಯ ಮೇಲೆ ನಿಂತಿತು. ಹಾಸ್ಟೆಲಿನಲ್ಲಿ ಯಾವ ಸಾಬೂನು ಬೇಕೆಂದು ಕೇಳಿದರೂ ಬೆವರುತ್ತಿದ್ದವಳ ತಲೆಯ ಮೇಲೆ.

ಸಹಿ ಹಾಕುವ ಮುಂಚೆ ಗೋಡೆಗೆ ಏನಾಗಿದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ಅತ್ತೆ ಉಳಿಯ ಹಿಡಿಯಿಂದ ಬಡಿದಳು. ಖಾಲಿ ಡಬ್ಬದ ಸದ್ದು ಬಂತು. ನಿನ್ನ ಸಿಮೆಂಟು ಪ್ಲಾಸ್ಟರು ಗೋಡೆಯನ್ನು ಬಿಟ್ಟು ಎಷ್ಟೋ ವರ್ಷವಾಗಿದೆ, ಅಪ್ಪಾ, ತನ್ನಷ್ಟಕ್ಕೆ ತಾನು ನಿಂತಿತ್ತು. ಒಂದು ಹಲಗೆಯಷ್ಟು ಕಿತ್ತಾಗ ಅದರ ಹಿಂದಿನ ಇಟ್ಟಿಗೆ ಹಿಟ್ಟಿನ ಹಾಗೆ ನನ್ನ ಬೂಟಿನ ಮೇಲೆ ಸುರಿಯಿತು. ನಿನ್ನ ತಪ್ಪು ತೋರಿಸಲು ಇದನ್ನು ಬರೆಯುತ್ತಿಲ್ಲ. ಇಲ್ಲ, ತೋರಿಸಲೆಂದೇ ಬರೆಯುತ್ತಿದ್ದೇನೆ. ಅಜ್ಜನ ಕೈಕೆಳಗೆ ಅಕ್ಕ ತಮ್ಮ ಇಬ್ಬರೂ ಗಾರೆ ಕೆಲಸ ಕಲಿತವರು ನೀವು, ನಿನಗೆ ಗೊತ್ತಿಲ್ಲದ್ದೇನು? ಕಾಲುವೆಯ ನೀರು ಬುಡದ ಬಿಳಿ ಕಲ್ಲನ್ನು ದಾಟಿ ಇಟ್ಟಿಗೆಗೆ ತಾಗತೊಡಗಿದ ಮೇಲೆ ಗೋಡೆ ಉಪ್ಪು ಕುಡಿಯುತ್ತದೆ. ಸುಣ್ಣದ ಗಾರೆ ಬಳಿದಿದ್ದರೆ ಆ ಉಪ್ಪು ಗಾರೆಗೆ ಬಂದು, ಗಾರೆಯನ್ನು ತಿಂದು, ಗಾರೆಯ ಜೊತೆಗೇ ಉದುರಿಹೋಗುತ್ತದೆ. ಏಳೆಂಟು ವರ್ಷಕ್ಕೊಮ್ಮೆ ಕೆಡವಿ ಮತ್ತೆ ಬಳಿಯಬೇಕು. ಅಜ್ಜ ಕೈಲಾಗುವವರೆಗೂ ಗೊಣಗುತ್ತ ಅದನ್ನೇ ಮಾಡಿದ. ನಾನು ಹುಟ್ಟಿದ ವರ್ಷ ನೀನು, ಈ ರಗಳೆ ಒಂದೇ ಸಲಕ್ಕೆ ಮುಗಿಯಲಿ ಎಂದು ಸಿಮೆಂಟು ಬಳಿದೆ. ಅತ್ತೆ ಬೇಡವೆಂದದ್ದಕ್ಕೆ ಮಾತು ಬಿಟ್ಟೆ. ಹೊರಬರಲು ದಾರಿಯಿಲ್ಲದ ಉಪ್ಪು ಸಿಮೆಂಟಿನ ಹಿಂದೆ ಮೇಲೆ ಮೇಲೆ ಹತ್ತಿ, ಈಗ ಅತ್ತೆ ಮಲಗುವ ಕೋಣೆಯ ತೊಲೆಯವರೆಗೆ ಹೋಗಿದೆ. ನನಗೂ ಆ ಸಿಮೆಂಟಿಗೂ ಒಂದೇ ವಯಸ್ಸು. ಅದಕ್ಕೇ ಏನೋ, ಕೀಳುವಾಗ ಸ್ವಲ್ಪ ಅಳು ಬಂತು.

ಹೌದು, ಕಿತ್ತಿದ್ದೇವೆ. ಅನುಮತಿ ಕೇಳುತ್ತಿಲ್ಲ, ಸುದ್ದಿ ಹೇಳುತ್ತಿದ್ದೇನೆ. ಮೂರು ವಾರದಿಂದ ಕಾಲೇಜು ಬಿಟ್ಟ ಕೂಡಲೇ ಅತ್ತೆಯ ಜೊತೆ ಬಿಚ್ಚಿ ಹೊಲಿಯುವ ಕೆಲಸ. ಒಂದು ಸತ್ತ ಇಟ್ಟಿಗೆ ಬಿಚ್ಚಿ ತೆಗೆದು, ಅಲ್ಲಿ ಗಟ್ಟಿ ಇಟ್ಟಿಗೆ ಕೂರಿಸಿ, ಮೇಲೆ ಮರದ ಬೆಣೆ ಹೊಡೆದು, ಪಕ್ಕದ್ದನ್ನು ಮುಟ್ಟದೆ ಮೂರು ಇಟ್ಟಿಗೆ ದಾಟಿ ಮುಂದಿನದನ್ನು ಬಿಚ್ಚುವುದು. ಗೋಡೆಗೆ ತನ್ನನ್ನು ಬದಲಾಯಿಸುತ್ತಿದ್ದಾರೆ ಅಂತಲೇ ಗೊತ್ತಾಗಬಾರದು ಅನ್ನುತ್ತಾಳೆ ಅತ್ತೆ. ಮೊದಲ ದಿನ ನನ್ನ ಮಾನ ಹೋಯಿತು. ಹೊಸ ಇಟ್ಟಿಗೆಗಳನ್ನು ನೆನೆಹಾಕು ಎಂದಿದ್ದಳು. ನಲ್ಲಿ ದೂರ, ಕಾಲುವೆ ಬಾಗಿಲಲ್ಲೇ. ನಾನು ಬಕೆಟ್ ಇಳಿಬಿಟ್ಟು ಕಾಲುವೆಯ ನೀರು ಸೇದಿ ನಲವತ್ತು ಇಟ್ಟಿಗೆ ನೆನೆಹಾಕಿದೆ. ಅತ್ತೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ನನ್ನನ್ನೇ ನೋಡಿದಳು. “ಇಂಗ್ಲಿಷಿನೋಳೇ, ಇಟ್ಟಿಗೆಗೆ ಉಪ್ಪು ಹಾಕ್ತಿದೀಯಲ್ಲ, ಮೀನು ಅನ್ಕೊಂಡ್ಯಾ?” ಕಾಲುವೆಯಾಚೆ ದೋಣಿ ತೊಳೆಯುತ್ತಿದ್ದ ಬೆಪಿ ಮಾಮ ಅವತ್ತಿನಿಂದ ನನ್ನನ್ನು ಕಂಡಾಗಲೆಲ್ಲ ಇಟ್ಟಿಗೆ ಹುರಿದಾಯ್ತಾ ಎಂದು ಕೇಳುತ್ತಾನೆ.

ಸಹಿಯ ವಿಷಯ ನಾನು ನಿರ್ಧಾರ ಮಾಡಿದ್ದು ಹೋದ ಗುರುವಾರ, ಕಾಲೇಜಿಗೆ ಹೋಗದೆ ಮನೆಯಲ್ಲುಳಿದ ದಿನ. ಬೆಳಿಗ್ಗೆ ಹತ್ತಕ್ಕೆ ಆರು ಇಟ್ಟಿಗೆ ಹೊರಗಿದ್ದವು, ಗೋಡೆಯಲ್ಲಿ ಆರು ಬಾಯಿ. ಉಬ್ಬರ ಏರಿತು. ಸಮುದ್ರದ ಬಾಯಿಗೆ ಹಾಕಿರುವ ಆ ದೊಡ್ಡ ಉಕ್ಕಿನ ಗೇಟುಗಳನ್ನು ಇಷ್ಟು ಸಣ್ಣ ಉಬ್ಬರಕ್ಕೆಲ್ಲ ಎತ್ತುವುದಿಲ್ಲವಲ್ಲ. ಬಚ್ಚಲ ತೂಬಿನಿಂದ ನೀರು ಗುಳುಗುಳು ಎಂದು ಮೇಲೆ ಬಂದು ನೆಲವೆಲ್ಲ ಹರಡಿತು. ನನಗೆ ಹನ್ನೆರಡನೇ ವಯಸ್ಸಿನ ಆ ಪ್ರವಾಹ ಜ್ಞಾಪಕ ಬಂತು. ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದವರೆಗಿನ ನೀರಲ್ಲಿ ನಡೆದದ್ದು, ಮುಂದಿನ ತಿಂಗಳೇ ನನ್ನನ್ನು ಒಣ ನೆಲದ ಹಾಸ್ಟೆಲಿಗೆ ಸೇರಿಸಿದ್ದು. ಓಡೋಣ ಅಂದೆ. ಅತ್ತೆ ಬೂಟು ಮೇಲೆಳೆದುಕೊಂಡು, ಗಾರೆಯ ಬಾಣಲೆಯನ್ನು ಸ್ಟೂಲಿನ ಮೇಲೆ ಇಟ್ಟು, “ಮರೀ, ಇದು ಬಂದು ಹೋಗೋ ನೆಂಟ. ಮೂರು ಗಂಟೆಗೆ ಹೋಗುತ್ತೆ. ನೀನು ಬೆಣೆ ಕೊಡು” ಅಂದಳು. ಕೊಟ್ಟೆ. ಒಂದೂ ಬೀಳಿಸಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗ ನೀರು ಹೊರಟಿತು. ಆರು ಬಾಯಿಯೂ ಮುಚ್ಚಿದ್ದವು. ಗೋಡೆ ನಿಂತಿತ್ತು.

ನೀನು ಏನನ್ನುತ್ತೀಯೆಂದು ಗೊತ್ತು. ನೀರು ಏರುತ್ತಲೇ ಇದೆ, ಗೇಟುಗಳಿಗೂ ಆಯುಸ್ಸಿದೆ, ಪಕ್ಕದ ಮೂರು ಮನೆಗಳಲ್ಲಿ ಈಗಲೇ ಪ್ರವಾಸಿಗಳ ಹಾಸಿಗೆ ಬಿಟ್ಟರೆ ಏನೂ ಇಲ್ಲ. ಎಲ್ಲ ನಿಜ. ಈ ಗೋಡೆ ನೂರು ವರ್ಷ ನಿಲ್ಲುತ್ತದೆಂದು ನಾನು ಮಾತು ಕೊಡುವುದಿಲ್ಲ. ಎಂಟು ವರ್ಷದ ಮಾತು ಕೊಡುತ್ತೇನೆ. ಆಗ ನನಗೆ ಇಪ್ಪತ್ತಾರು. ಗಾರೆ ಉದುರಿರುತ್ತದೆ, ಕೆಡವಿ ಮತ್ತೆ ಬಳಿಯುತ್ತೇನೆ. ಈ ಊರನ್ನು ಕಟ್ಟಿದವರು ಯಾರೂ ಒಂದೇ ಸಲಕ್ಕೆ ಮುಗಿಸಿ ಕೈ ತೊಳೆದುಕೊಂಡವರಲ್ಲ, ಅಪ್ಪಾ. ನೀನೊಬ್ಬನೇ ಹಾಗೆ ಹೊರಟದ್ದು. ಮಾರಾಟದ ಪತ್ರ ಇದರ ಜೊತೆಗೇ ಇದೆ. ಹಳದಿ ಚೀಟಿಗಳು ಇದ್ದಲ್ಲೇ ಇವೆ. ಸಹಿ ಇಲ್ಲ, ಇನ್ನು ಎಷ್ಟು ಸಲ ಕಳಿಸಿದರೂ ಇರುವುದಿಲ್ಲ. ಈ ಸಲ ಸಾರಿ ಅನ್ನುವುದಿಲ್ಲ.

ಅಮ್ಮನಿಗೆ ಎರಡು ಮುತ್ತು, ಕೆಮ್ಮಿಗೆ ಜೇನು ಕುಡಿಯಲು ಹೇಳು. ನಿನಗೂ ಒಂದು ಮುತ್ತು, ಕೋಪ ಇಳಿದ ಮೇಲೆ ತೆಗೆದುಕೋ.

ನಿನ್ನ ಮಗಳು,
ಬೆತ್ತಾ

ಮರೆತಿದ್ದೆ, ಅಂಚೆಯವನು ಬರುವ ಹೊತ್ತು: ಇನ್ನು ಉಳಿದಿರುವುದು ತೊಲೆಯ ಕೆಳಗಿನ ಮೂಲೆ ಮಾತ್ರ. ತೊಲೆಯ ತುದಿ ಕೊಳೆತಿದೆ. ಒಬ್ಬರು ಆನಿಕೆ ಹಿಡಿದು ಮರದ ಸದ್ದು ಕೇಳುತ್ತ ಕೂರಬೇಕು, ಇನ್ನೊಬ್ಬರು ಬಿಚ್ಚಬೇಕು. ನನಗೆ ಆ ಸದ್ದು ತಿಳಿಯುವುದಿಲ್ಲ. ಅತ್ತೆಯ ಬಲಭುಜ ಎತ್ತಲು ಬರುವುದಿಲ್ಲ, ನಿನಗೆ ಹೇಳಬೇಡ ಎಂದಿದ್ದಾಳೆ. ಸಲೂತೆ ಹಬ್ಬ ಮುಗಿದ ಮೇಲೆ ಬರುವ ಸೋಮವಾರ, ಇಪ್ಪತ್ತನಾಲ್ಕಕ್ಕೆ, ಆ ಮೂಲೆಯನ್ನು ಒಬ್ಬಳೇ ಬಿಚ್ಚುತ್ತಾಳಂತೆ. ನಿನ್ನೆ ಅವಳ ಬಾಯಿಂದ ಬಂದದ್ದು ಇಷ್ಟು: “ಆ ತೊಲೆಗೆ ಆನಿಕೆ ಹಿಡಿಯೋದು ನನ್ನ ತಮ್ಮ ಅಲ್ವೀಸೆಗೆ ಮಾತ್ರ ಬರ್ತಿತ್ತು. ನಾನಂತೂ ಅವನನ್ನ ಕರೆಯಲ್ಲ.” ಅವಳು ಕರೆಯುವುದಿಲ್ಲ, ನಾನು ಕರೆಯುತ್ತಿದ್ದೇನೆ. ಬರುತ್ತೀಯೋ ಇಲ್ಲವೋ, ದಯವಿಟ್ಟು ಬೇಗ ಬರೆದು ತಿಳಿಸು.